ಬಯಲಲ್ಲಿ ನಿಲ್ಲಿಸಿದ ಕ್ರಿಸ್‌ಮಸ್ ಮರವನ್ನು ಗಾಳಿಯಿಂದ ಕಾಪಾಡುವ ಬಗೆ

ಕಡಿದು ತಂದ ಕ್ರಿಸ್‌ಮಸ್ ಮರವನ್ನು ಅಂಗಳದಲ್ಲೋ ತಾರಸಿಯ ಮೇಲೋ ನಿಲ್ಲಿಸುವವರು ಮೊದಲು ಯೋಚಿಸುವುದು ಬುಡಕ್ಕೆ ಎಷ್ಟು ಭಾರ ಹೇರಬೇಕು ಎಂಬುದನ್ನು. ಸ್ಟ್ಯಾಂಡಿನ ಕಾಲುಗಳ ಮೇಲೆ ನಾಲ್ಕು ಇಟ್ಟಿಗೆ, ಎರಡು ಮರಳಿನ ಚೀಲ ಇಟ್ಟು, ಕೈಯಿಂದ ಒಮ್ಮೆ ಅಲುಗಾಡಿಸಿ ನೋಡಿ, ಗಟ್ಟಿಯಾಗಿಯೇ ಇದೆ ಎಂದು ಒಳಗೆ ಹೋಗುತ್ತಾರೆ. ರಾತ್ರಿ ಜೋರು ಗಾಳಿ ಎದ್ದಿತೆಂದರೆ ಮರ, ಸ್ಟ್ಯಾಂಡು, ಮರಳಿನ ಚೀಲ, ದೀಪದ ಸರ ಎಲ್ಲವೂ ಒಟ್ಟಿಗೇ ಮಗುಚಿಕೊಳ್ಳುತ್ತವೆ. ಭಾರ ಸಾಲಲಿಲ್ಲವೆಂದು ಮಾರನೆಯ ದಿನ ಇನ್ನೆರಡು ಚೀಲ ಸೇರಿಸುವುದು ಸಹಜವೇ ಆದರೂ, ಲೆಕ್ಕ ಹಾಕಿ ನೋಡಿದರೆ ಆ ದಾರಿ ಎಲ್ಲಿಗೂ ಮುಟ್ಟುವುದಿಲ್ಲ. ಮರವನ್ನು ಎಷ್ಟು ಎತ್ತರದಲ್ಲಿ ಹಿಡಿದಿದ್ದೇವೆ, ಆ ಹಿಡಿತ ಯಾವ ಯಾವ ಕೊಂಡಿಗಳ ಮೂಲಕ ನೆಲಕ್ಕೆ ತಲುಪುತ್ತದೆ ಎಂಬ ಎರಡು ಸಂಗತಿಗಳೇ ಇಲ್ಲಿ ನಿರ್ಣಾಯಕ. ಬುಡದ ತೂಕ ಇವುಗಳ ನಂತರ ಬರುವ ಮಾತು.

ಬೇರು ಬಿಟ್ಟ ಮರ ಗಾಳಿಯನ್ನು ಹೇಗೆ ತಡೆದುಕೊಳ್ಳುತ್ತದೆ ಎಂಬುದನ್ನು ಗಮನಿಸಿದರೆ ಕಡಿದ ಮರದ ಕೊರತೆ ಸ್ಪಷ್ಟವಾಗುತ್ತದೆ. ಬೇರುಗಳು ಬುಡದ ಸುತ್ತ ಅಗಲವಾಗಿ ಹರಡಿ ದೊಡ್ಡದೊಂದು ಮಣ್ಣಿನ ಹೆಂಟೆಯನ್ನೇ ಹಿಡಿದುಕೊಂಡಿರುತ್ತವೆ. ಗಾಳಿ ಬರುವ ಕಡೆಯ ಬೇರುಗಳು ಎಳೆತಕ್ಕೆ ಸಿಕ್ಕಿದರೆ ಎದುರು ಕಡೆಯ ಬೇರುಗಳು ನೆಲವನ್ನು ಒತ್ತುತ್ತವೆ, ಮರ ಉರುಳಬೇಕಾದರೆ ಆ ಇಡೀ ಹೆಂಟೆ ಮೇಲೇಳಬೇಕಾಗುತ್ತದೆ. ಕಡಿದ ಮರದಲ್ಲಿ ಈ ವ್ಯವಸ್ಥೆಯೆಲ್ಲ ಹೋಗಿ, ಗಾಳಿಯನ್ನು ಹಿಡಿಯುವ ಕೊಂಬೆಗಳೂ ಸೂಜಿಯೆಲೆಗಳೂ ಮಾತ್ರ ಪೂರ್ತಿಯಾಗಿ ಉಳಿದಿರುತ್ತವೆ. ಚಳಿಗಾಲಕ್ಕೆ ಎಲೆ ಉದುರಿಸುವ ಮರಗಳು ಬರಿಯ ಕಡ್ಡಿಗಳಾಗಿ ನಿಂತು ಗಾಳಿಯನ್ನು ತಮ್ಮ ನಡುವೆ ಹಾಯಲು ಬಿಡುತ್ತವೆ. ಸ್ಪ್ರೂಸ್, ಫರ್ ಮುಂತಾದ ನಿತ್ಯಹರಿದ್ವರ್ಣದ ಮರಗಳಿಗೆ ಆ ಅನುಕೂಲವೂ ಇಲ್ಲ. ಅಷ್ಟು ಸಾಲದೆಂಬಂತೆ ನಾವು ಅದಕ್ಕೆ ದೀಪ, ಗೋಲ, ರಿಬ್ಬನ್ನುಗಳನ್ನೂ ಸೇರಿಸುತ್ತೇವೆ.

ಗಾಳಿಯ ಒತ್ತಡ ಅದರ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ, ಅಂದರೆ ವೇಗ ಇಮ್ಮಡಿಯಾದರೆ ಒತ್ತಡ ನಾಲ್ಕು ಪಟ್ಟಾಗುತ್ತದೆ. ಗಂಟೆಗೆ 36 ಕಿ.ಮೀ. ವೇಗದ ಗಾಳಿ ಒಂದು ಚದರ ಮೀಟರಿನ ಮೇಲೆ ಸುಮಾರು 6 ಕೆ.ಜಿ. ತೂಕದಷ್ಟು ಬಲದಿಂದ ಒತ್ತಿದರೆ, 72 ಕಿ.ಮೀ. ವೇಗದ ಗಾಳಿ ಸುಮಾರು 25 ಕೆ.ಜಿ. ತೂಕದಷ್ಟು ಬಲದಿಂದ ಒತ್ತುತ್ತದೆ. ಈಗ 3 ಮೀಟರ್ ಎತ್ತರದ, ಕೆಳಗೆ 1.8 ಮೀಟರ್ ಅಗಲದ ಒಂದು ಮರವನ್ನು ತೆಗೆದುಕೊಳ್ಳೋಣ. ಎದುರಿನಿಂದ ನೋಡಿದರೆ ಅದು ತ್ರಿಕೋನ, ವಿಸ್ತೀರ್ಣ 2.7 ಚದರ ಮೀಟರ್. ಸೂಜಿಯೆಲೆಗಳ ಸಂದಿನಲ್ಲಿ ಸ್ವಲ್ಪ ಗಾಳಿ ಹಾದುಹೋಗುತ್ತದೆ, ಕೊಂಬೆಗಳೂ ಬಾಗಿಕೊಳ್ಳುತ್ತವೆ. ಆದ್ದರಿಂದ ಪೂರ್ತಿ ಒತ್ತಡದ ಹತ್ತರಲ್ಲಿ ಆರು ಭಾಗ ಮಾತ್ರ ಮರಕ್ಕೆ ತಾಗುತ್ತದೆ ಎಂದು ಇಟ್ಟುಕೊಂಡರೂ, 36 ಕಿ.ಮೀ. ಗಾಳಿಗೆ ಸುಮಾರು 10 ಕೆ.ಜಿ., 72 ಕಿ.ಮೀ. ಗಾಳಿಗೆ ಸುಮಾರು 40 ಕೆ.ಜಿ. ತಳ್ಳುಬಲ ಬೀಳುತ್ತದೆ. ತ್ರಿಕೋನದ ಅಗಲವೆಲ್ಲ ಕೆಳಗಿರುವುದರಿಂದ ಈ ಬಲ ಒಟ್ಟಾಗಿ ವರ್ತಿಸುವ ಬಿಂದು ಎತ್ತರದ ಮೂರನೆಯ ಒಂದು ಭಾಗದಲ್ಲಿ, ಅಂದರೆ ನೆಲದಿಂದ ಸುಮಾರು 1 ಮೀಟರ್ ಮೇಲೆ ಇರುತ್ತದೆ. ನೆಲದ ಹತ್ತಿರ ಗಾಳಿ ಕೊಂಚ ನಿಧಾನವಾಗಿರುವುದರಿಂದ ನಿಜವಾದ ಬಿಂದು ಇದಕ್ಕಿಂತ ಸ್ವಲ್ಪ ಮೇಲೆಯೇ ಇರಬಹುದು, ಆದರೆ ಅಂದಾಜಿಗೆ ಇಷ್ಟು ಸಾಕು.

ಬಾಗಿಲನ್ನು ಹಿಡಿಕೆಯ ಹತ್ತಿರ ಒಂದು ಬೆರಳಿನಿಂದ ತಳ್ಳಬಹುದು, ಕೀಲಿನ ಹತ್ತಿರವಾದರೆ ಭುಜ ಕೊಡಬೇಕಾಗುತ್ತದೆ. ಬುಡಕ್ಕೆ ಭಾರ ಹೇರುವುದು ಕೀಲಿನ ಹತ್ತಿರ ನಿಂತು ತಳ್ಳಿದ ಹಾಗೆ. ನಾಲ್ಕು ಕಾಲಿನ ಸಾಧಾರಣ ಸ್ಟ್ಯಾಂಡಿನಲ್ಲಿ ಪ್ರತಿ ಕಾಲೂ ನಡುವಿನಿಂದ 30 ಸೆಂ.ಮೀ. ಚಾಚಿದೆ ಎನ್ನಿ. ಮರ ಮಗುಚುವಾಗ ಕಾಲಿನ ತುದಿಯ ಮೇಲೆ ತಿರುಗುವುದಿಲ್ಲ, ಅಕ್ಕಪಕ್ಕದ ಎರಡು ಕಾಲುಗಳ ತುದಿಗಳನ್ನು ಸೇರಿಸುವ ಗೆರೆಯ ಮೇಲೆ ತಿರುಗುತ್ತದೆ. ಆ ಗೆರೆ ನಡುವಿನಿಂದ ಕೇವಲ 21 ಸೆಂ.ಮೀ. ದೂರದಲ್ಲಿದೆ. ಮೂರು ಕಾಲಿನ ಸ್ಟ್ಯಾಂಡಾದರೆ ಈ ದೂರ 15 ಸೆಂ.ಮೀ.ಗೆ ಇಳಿಯುತ್ತದೆ. ಹೀಗಾಗಿ ಮೂರು ಕಾಲಿನವು ಒಳಕೋಣೆಗಷ್ಟೇ ಸರಿ. ಮರವೂ ಸ್ಟ್ಯಾಂಡೂ ಸೇರಿ 25 ಕೆ.ಜಿ. ತೂಗಿದರೆ, ನಾಲ್ಕು ಕಾಲಿನ ಸ್ಟ್ಯಾಂಡಿನಲ್ಲಿ ಮರವನ್ನು ಮಗುಚಲು ಗಂಟೆಗೆ ಸುಮಾರು 26 ಕಿ.ಮೀ. ವೇಗದ ಗಾಳಿ ಸಾಕಾಗುತ್ತದೆ. ಇದು ಬಿರುಗಾಳಿಯೇನಲ್ಲ, ನೆಲದ ಮೇಲಿನ ಧೂಳು, ಕಾಗದದ ಚೂರುಗಳನ್ನು ಎಬ್ಬಿಸುವಷ್ಟರ ಗಾಳಿ. 72 ಕಿ.ಮೀ. ಗಾಳಿಯನ್ನು ಬರಿಯ ತೂಕದಿಂದಲೇ ತಡೆಯಬೇಕಾದರೆ ಬುಡದಲ್ಲಿ ಒಟ್ಟು 190 ಕೆ.ಜಿ. ಇರಬೇಕು. ಅದೇ ಮರವನ್ನು 2 ಮೀಟರ್ ಎತ್ತರದಲ್ಲಿ ಹಗ್ಗದಿಂದ ಹಿಡಿದರೆ ಅಡ್ಡಲಾಗಿ ಬೇಕಾಗುವ ಎಳೆತ 20 ಕೆ.ಜಿ. ಮಾತ್ರ. ಈ ಒಂದು ಹೋಲಿಕೆಯನ್ನು ನೆನಪಿಟ್ಟರೆ ಮುಂದಿನದೆಲ್ಲ ತಾನಾಗಿ ಅರ್ಥವಾಗುತ್ತದೆ.

ಮರದ ಗಾತ್ರವನ್ನು ಆರಿಸುವಾಗಲೇ ಅರ್ಧ ಕೆಲಸ ಮುಗಿದಿರುತ್ತದೆ. ಒಂದೇ ಆಕಾರದ ಎರಡು ಮರಗಳಲ್ಲಿ ಎತ್ತರ ಹೆಚ್ಚಿದಂತೆ ಅಗಲವೂ ಹೆಚ್ಚುತ್ತದೆ, ಗಾಳಿಯ ಬಲ ತಾಗುವ ಬಿಂದುವೂ ಮೇಲಕ್ಕೆ ಹೋಗುತ್ತದೆ. ಮೂರೂ ಗುಣಿಸಿಕೊಂಡು, ಮಗುಚುವ ಬಲ ಎತ್ತರದ ಘನಕ್ಕೆ ಅನುಗುಣವಾಗಿ ಏರುತ್ತದೆ. 2 ಮೀಟರಿನ ಮರಕ್ಕಿಂತ 3 ಮೀಟರಿನ ಮರದ ಮೇಲೆ ಬೀಳುವ ಮಗುಚುವ ಬಲ ಒಂದೂವರೆ ಪಟ್ಟಲ್ಲ, ಮೂರು ಪಟ್ಟಿಗೂ ಹೆಚ್ಚು. ಗಾಳಿ ಹೆಚ್ಚಿರುವ ಜಾಗದಲ್ಲಿ ಒಂದು ಮೀಟರ್ ಗಿಡ್ಡನೆಯ ಮರವನ್ನು ಆರಿಸುವುದು ಯಾವ ಹಗ್ಗಕ್ಕಿಂತಲೂ ಒಳ್ಳೆಯ ರಕ್ಷಣೆ. ಮೊದಲೇ ತಂದಾಗಿದ್ದರೆ ಬುಡದಿಂದ ಒಂದಷ್ಟು ಕತ್ತರಿಸಬಹುದು. ಆಗ ಅತ್ಯಂತ ಅಗಲವಾದ ಕೊಂಬೆಗಳೇ ಹೋಗುವುದರಿಂದ ವಿಸ್ತೀರ್ಣ ಬೇಗ ಇಳಿಯುತ್ತದೆ. ಆದರೆ ಕೆಳಗಿನ ಕೊಂಬೆಗಳನ್ನು ಮಾತ್ರ ಸವರಿ ಬೋಳು ಕಾಂಡವನ್ನು ಉದ್ದಕ್ಕೆ ಬಿಟ್ಟರೆ ಅಷ್ಟು ಲಾಭವಿಲ್ಲ. ಉಳಿದ ಕೊಂಬೆಗಳ ಮೇಲೆ ಬೀಳುವ ಬಲ ಎತ್ತರದಲ್ಲೇ ಉಳಿಯುತ್ತದೆ.

ಹವಾಮಾನ ವರದಿಯಲ್ಲಿ ಹೇಳುವ ಗಾಳಿಯ ವೇಗ ಸಾಮಾನ್ಯವಾಗಿ ಬಯಲಿನಲ್ಲಿ 10 ಮೀಟರ್ ಎತ್ತರದಲ್ಲಿ ಅಳೆದ ಸರಾಸರಿ. ನಡುನಡುವೆ ಕೆಲವು ಕ್ಷಣ ಬೀಸುವ ರಭಸದ ಅಲೆಗಳು ಸರಾಸರಿಯ ಒಂದೂವರೆ ಪಟ್ಟು ವೇಗದಲ್ಲಿರುವುದು ಅಪರೂಪವಲ್ಲ. ವೇಗದ ವರ್ಗದ ನಿಯಮದಂತೆ ಅವುಗಳ ಒತ್ತಡ ಎರಡು ಪಟ್ಟಿಗಿಂತ ಹೆಚ್ಚಾಗುತ್ತದೆ. ವರದಿಯಲ್ಲಿ ಎರಡೂ ಸಂಖ್ಯೆಗಳನ್ನು ಕೊಟ್ಟಿದ್ದರೆ ದೊಡ್ಡದನ್ನೇ ಲೆಕ್ಕಕ್ಕೆ ಹಿಡಿಯಬೇಕು. ಜಾಗದ ಪ್ರಭಾವವೂ ಕಡಿಮೆಯೇನಲ್ಲ. ಕಟ್ಟಡದ ಮೂಲೆಯಲ್ಲಿ, ಎರಡು ಕಟ್ಟಡಗಳ ನಡುವಿನ ಓಣಿಯ ಬಾಯಲ್ಲಿ ಗಾಳಿ ಕಿರಿದಾಗಿ ವೇಗ ಪಡೆಯುತ್ತದೆ. ಮರ ಚೆನ್ನಾಗಿ ಕಾಣುವ ಜಾಗವೆಂದು ಜನ ಆರಿಸುವುದು ಅನೇಕ ಸಲ ಇಂಥ ಮೂಲೆಯನ್ನೇ. ಗೋಡೆಯ ನಡುಭಾಗದ ಆಸರೆಯಲ್ಲಿ, ಅಥವಾ ಗಾಳಿಯನ್ನು ಸೋಸಿ ಬಿಡುವ ದಟ್ಟ ಬೇಲಿಯ ಹಿಂದೆ ನಿಲ್ಲಿಸಿದರೆ ಮರಕ್ಕೆ ಬೀಳುವ ಹೊಡೆತ ಬಹಳಷ್ಟು ತಗ್ಗುತ್ತದೆ. ಎಲ್ಲಿ ನಿಲ್ಲಿಸಿದರೂ, ಅದು ಬಿದ್ದರೆ ಎಲ್ಲಿಯವರೆಗೆ ತಲುಪುತ್ತದೆ ಎಂದು ಸುತ್ತಲೂ ಒಮ್ಮೆ ಅಳೆದು ನೋಡಬೇಕು. ಆ ವೃತ್ತದೊಳಗೆ ವಿದ್ಯುತ್ ತಂತಿ, ಗಾಜಿನ ಬಾಗಿಲು, ಜನ ಓಡಾಡುವ ದಾರಿ ಬರಬಾರದು. ಎತ್ತರದ ಮಹಡಿಯ ಬಾಲ್ಕನಿಯಲ್ಲಿ ಮರ ನಿಲ್ಲಿಸದಿರುವುದೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಮರ ಬೀಳದಿದ್ದರೂ ಅದರಿಂದ ಕಳಚಿದ ಒಂದು ಗೋಲ ಕೆಳಗೆ ನಡೆದು ಹೋಗುವವರ ತಲೆಯ ಮೇಲೆ ಬೀಳಬಹುದು.

ಇನ್ನು ಬುಡದ ಹಿಡಿತ. ಮಾರುಕಟ್ಟೆಯಲ್ಲಿ ಸಿಗುವ ಬಹುಪಾಲು ಸ್ಟ್ಯಾಂಡುಗಳು ಕಾಂಡವನ್ನು ಒಂದೇ ಮಟ್ಟದಲ್ಲಿ ಮೂರು ನಾಲ್ಕು ತಿರುಪುಗಳಿಂದ ಒತ್ತಿ ಹಿಡಿಯುತ್ತವೆ, ಕೆಳಗೆ ಒಂದು ಮೊಳೆ ಕಾಂಡದ ತಳಕ್ಕೆ ಚುಚ್ಚಿಕೊಂಡಿರುತ್ತದೆ. ಗಾಳಿಗೆ ಮರ ಅತ್ತಿತ್ತ ತೂಗುವಾಗ ತಿರುಪಿನ ತುದಿಗಳು ಹಸಿ ಮರವನ್ನು ಜಜ್ಜಿ ಗುಳಿ ಮಾಡುತ್ತವೆ. ಗುಳಿಯಾದಷ್ಟೂ ಮರ ಹೆಚ್ಚು ತೂಗುತ್ತದೆ, ಹೆಚ್ಚು ತೂಗಿದಷ್ಟೂ ಗುಳಿ ದೊಡ್ಡದಾಗುತ್ತದೆ. ಇದಕ್ಕಿಂತ ಎಷ್ಟೋ ಮೇಲಾದದ್ದು ಕೊಳವೆಯ ವಿಧಾನ. ನೆಲದಲ್ಲಿ ಆಳವಾಗಿ ಹೂತ, ಕಾಂಡಕ್ಕಿಂತ ಸ್ವಲ್ಪ ಅಗಲವಾದ ಕೊಳವೆಯೊಳಗೆ ಮರವನ್ನು ಇಳಿಸಿ, ಸುತ್ತಲೂ ಗಟ್ಟಿ ಮರದ ಬೆಣೆಗಳನ್ನು ಬಡಿದು ಬಿಗಿ ಮಾಡುತ್ತಾರೆ. ಇಲ್ಲಿನ ಗುಟ್ಟು ಎರಡು ಮಟ್ಟದ ಹಿಡಿತದಲ್ಲಿದೆ. ಮೇಲಿನ ಅಂಚಿನಲ್ಲಿ ಕಾಂಡ ಒಂದು ಕಡೆಗೆ ಒತ್ತಿದರೆ ತಳದಲ್ಲಿ ಎದುರು ಕಡೆಗೆ ಒತ್ತುತ್ತದೆ, ಈ ಜೋಡಿ ಒತ್ತುಗಳ ನಡುವಿನ ಅಂತರ ಹೆಚ್ಚಿದಷ್ಟೂ ಕಾಂಡದ ಮೇಲೆ ಬೀಳುವ ಜಜ್ಜುಬಲ ಕಡಿಮೆಯಾಗುತ್ತದೆ. ನಾರ್ವೆಯ ಓಸ್ಲೋ ನಗರ 1947ರಿಂದ ಪ್ರತಿ ವರ್ಷ ಲಂಡನ್ನಿನ ಟ್ರಫಾಲ್ಗರ್ ಚೌಕಕ್ಕೆ ಕಳುಹಿಸುವ ಸ್ಪ್ರೂಸ್ ಮರ ಸಾಮಾನ್ಯವಾಗಿ 20 ಮೀಟರಿಗಿಂತ ಎತ್ತರದ್ದು. ಕ್ರೇನಿನಿಂದ ಎತ್ತಿ, ಬುಡದ ಕನಿಷ್ಠ 4 ಅಡಿಯನ್ನು ನೆಲದೊಳಗಿನ ಕುಳಿಗೆ ಇಳಿಸಿ, ಹನ್ನೆರಡಕ್ಕೂ ಹೆಚ್ಚು ಬೆಣೆಗಳನ್ನು ಬಡಿದು ಅದನ್ನು ನಿಲ್ಲಿಸುತ್ತಾರೆ. ನ್ಯೂಯಾರ್ಕಿನ ರಾಕ್‌ಫೆಲರ್ ಸೆಂಟರಿನ ಮರಕ್ಕಾದರೋ ನಡುಮಟ್ಟದಲ್ಲಿ ಉಕ್ಕಿನ ತಂತಿಗಳ ಆಸರೆಯೂ ಇರುತ್ತದೆ. ಅಂಥ ಗಾತ್ರದ ಮರಗಳ ಕೆಲಸ ಎಂಜಿನಿಯರುಗಳದು. ನಾಲ್ಕೈದು ಮೀಟರ್ ದಾಟಿದ ಮರವನ್ನು ಮನೆಯವರೇ ಹಗ್ಗ ಹಿಡಿದು ನಿಲ್ಲಿಸುವ ಸಾಹಸಕ್ಕೆ ಇಳಿಯಬಾರದು.

ಮಣ್ಣಿನ ಅಂಗಳವಿದ್ದವರಿಗೆ ಕೊಳವೆ ಹೂಳುವಷ್ಟು ಕೆಲಸವಿಲ್ಲದ ಇನ್ನೆರಡು ದಾರಿಗಳಿವೆ. ಮೊದಲನೆಯದರಲ್ಲಿ ದಪ್ಪ ಕಬ್ಬಿಣದ ಸರಳೊಂದನ್ನು ಅರ್ಧ ಮೀಟರಿಗೂ ಹೆಚ್ಚು ಆಳಕ್ಕೆ ನೆಟ್ಟಗೆ ಬಡಿದು, ಒಂದಡಿಯಷ್ಟನ್ನು ಮೇಲೆ ಬಿಟ್ಟು, ಕಾಂಡದ ತಳದಲ್ಲಿ ಅಷ್ಟೇ ಆಳದ ತೂತು ಕೊರೆದು ಮರವನ್ನು ಅದರ ಮೇಲೆ ಕೂರಿಸುತ್ತಾರೆ. ಬುಡ ಜಾರದಂತೆ ಇದು ಚೆನ್ನಾಗಿ ತಡೆಯುತ್ತದೆ, ಆದರೆ ಮಗುಚುವುದನ್ನು ಇದೊಂದೇ ತಡೆಯಲಾರದು, ಮೇಲೆ ಹಗ್ಗ ಬೇಕೇ ಬೇಕು. ನಾನು ಹೆಚ್ಚು ಮೆಚ್ಚುವುದು ಎರಡನೆಯ ದಾರಿಯನ್ನು. ಬೇಲಿಗೆ ಬಳಸುವ ಕಬ್ಬಿಣದ ಕಂಬವೊಂದನ್ನು ನೆಲದಲ್ಲಿ ಭದ್ರವಾಗಿ ಹೂತು, ಮರವನ್ನು ಅದಕ್ಕೆ ಒತ್ತಿ ನಿಲ್ಲಿಸಿ, ಕೆಳಗೆ ಒಂದು ಕಡೆ, ಎದೆಮಟ್ಟದಲ್ಲಿ ಒಂದು ಕಡೆ ಅಗಲ ಪಟ್ಟಿಯಿಂದ ಕಾಂಡವನ್ನು ಕಂಬಕ್ಕೆ ಕಟ್ಟುವುದು. ಕೊಂಬೆಗಳ ನಡುವೆ ಕಂಬ ಮರೆಯಾಗುತ್ತದೆ, ಸುತ್ತಲೂ ಹಗ್ಗಗಳು ಕಾಲಿಗೆ ತೊಡರುವುದಿಲ್ಲ. ಎರಡು ಮೀಟರಿನ ಆಸುಪಾಸಿನ ಮರಗಳಿಗೆ ಇಷ್ಟೇ ಸಾಕಾಗುತ್ತದೆ. ಎಷ್ಟು ಆಳ ಹೂಳಬೇಕೆಂಬುದಕ್ಕೆ ವಿದ್ಯುತ್ ಕಂಬ ನೆಡುವವರ ಹಳೆಯ ಸೂತ್ರ ಒಂದು ಅಂದಾಜು ಕೊಡುತ್ತದೆ: ಒಟ್ಟು ಉದ್ದದ ಹತ್ತನೆಯ ಒಂದು ಭಾಗ, ಅದಕ್ಕೆ ಕೂಡಿಸಿ 2 ಅಡಿ. ಅಗೆಯುವ ಮುನ್ನ ಆ ಜಾಗದಲ್ಲಿ ನೀರಿನ, ಗ್ಯಾಸಿನ ಕೊಳವೆಯಾಗಲಿ ವಿದ್ಯುತ್ ಕೇಬಲ್ ಆಗಲಿ ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು.

ದೊಡ್ಡ ಕುಂಡದಲ್ಲಿ ಅಥವಾ ಪೀಪಾಯಿಯಲ್ಲಿ ಮರ ನಿಲ್ಲಿಸುವುದು ನೋಡಲು ಚೆಂದ. ಹಾಗೆ ಮಾಡುವಾಗ ಸಡಿಲ ಮಣ್ಣು ತುಂಬಿದರೆ ಪ್ರಯೋಜನವಿಲ್ಲ; ಜಲ್ಲಿಯನ್ನು ಪದರ ಪದರವಾಗಿ ಹಾಕಿ ಹಾರೆಯಿಂದ ಬಡಿದು ಗಟ್ಟಿ ಮಾಡಬೇಕು. ಕುಂಡ ಅಗಲವಾಗಿ ತಗ್ಗಾಗಿದ್ದಷ್ಟೂ ಒಳ್ಳೆಯದು. ಮೇಲೆ ಅಗಲವಾಗಿ ಕೆಳಗೆ ಕಿರಿದಾದ ಕುಂಡ ಎಷ್ಟೇ ಭಾರವಿದ್ದರೂ ಮಗುಚಿಕೊಳ್ಳಲು ತಾನೇ ಅನುಕೂಲ ಮಾಡಿಕೊಡುತ್ತದೆ.

ಎರಡು ಮೀಟರ್ ದಾಟಿದ ಯಾವುದೇ ಮರಕ್ಕೆ ಬುಡದ ವ್ಯವಸ್ಥೆ ಏನೇ ಇರಲಿ, ಬಿಗಿಹಗ್ಗಗಳು ಬೇಕು. ಹಗ್ಗ ಎಳೆಯಬಲ್ಲದು, ತಳ್ಳಲಾರದು, ಆದ್ದರಿಂದ ಕನಿಷ್ಠ ಮೂರು ದಿಕ್ಕಿಗೆ ಸಮಾನ ಅಂತರದಲ್ಲಿ ಹಗ್ಗ ಹಾಯಿಸಲೇಬೇಕು. ಒಂದೇ ಹಗ್ಗದಿಂದ ಗೋಡೆಗೆ ಕಟ್ಟಿದ ಮರ ಗಾಳಿಯ ದಿಕ್ಕು ಬದಲಾದೊಡನೆ ಹಿಂದಕ್ಕೆ ಬಂದು ಅದೇ ಗೋಡೆಗೆ ಬಡಿಯುತ್ತದೆ. ಮೂರು ಹಗ್ಗಗಳಿದ್ದಾಗ ಗಾಳಿ ಕೆಟ್ಟ ದಿಕ್ಕಿನಿಂದ ಬಂದರೆ ಒಂದೇ ಹಗ್ಗದ ಮೇಲೆ ಅಡ್ಡಬಲದ ಸುಮಾರು 1.15 ಪಟ್ಟು ಬೀಳಬಹುದು. ನಾಲ್ಕು ಹಗ್ಗಗಳಿದ್ದರೆ ಯಾವ ಹಗ್ಗಕ್ಕೂ ಒಂದು ಪಟ್ಟಿಗಿಂತ ಹೆಚ್ಚು ಬೀಳುವುದಿಲ್ಲ. ವ್ಯತ್ಯಾಸ ದೊಡ್ಡದಲ್ಲ, ಆದರೆ ನಾಲ್ಕರಲ್ಲಿ ಒಂದು ಸಡಿಲವಾದರೆ ಉಳಿದ ಮೂರು ಅರ್ಧದಷ್ಟು ದಿಕ್ಕುಗಳ ಗಾಳಿಗಾದರೂ ಮರವನ್ನು ಹಿಡಿದಿರುತ್ತವೆ. ಮೂರರಲ್ಲಿ ಒಂದು ಹೋದರೆ ಮೂರನೆಯ ಒಂದು ಭಾಗದಷ್ಟು ದಿಕ್ಕುಗಳಿಗೆ ಮಾತ್ರ ಆಸರೆ ಉಳಿಯುತ್ತದೆ.

ಹಗ್ಗವನ್ನು ಕಾಂಡಕ್ಕೆ ಕಟ್ಟುವ ಎತ್ತರ ಒಟ್ಟು ಎತ್ತರದ ಅರ್ಧಕ್ಕಿಂತ ಮೇಲೆ, ಮೂರನೆಯ ಎರಡು ಭಾಗದ ಆಸುಪಾಸಿನಲ್ಲಿರಬೇಕು. ಇನ್ನೂ ಮೇಲೆ ಹೋದರೆ ಕಾಂಡ ಸಣ್ಣಗಾಗಿ, ಹಗ್ಗ ಹಿಡಿದಲ್ಲೇ ಮುರಿಯುವ ಭಯವಿರುತ್ತದೆ. ಸ್ಪ್ರೂಸ್, ಫರ್, ಪೈನ್ ಮರಗಳನ್ನು ಹತ್ತಿರದಿಂದ ನೋಡಿದರೆ ಕೊಂಬೆಗಳು ಕಾಂಡದ ಒಂದೇ ಮಟ್ಟದಲ್ಲಿ ಸುತ್ತಲೂ ಚಕ್ರದ ಅರೆಗಳಂತೆ ಹೊರಟಿರುವುದು ಕಾಣುತ್ತದೆ. ಪ್ರತಿ ವರ್ಷದ ಬೆಳವಣಿಗೆಗೆ ಇಂಥ ಒಂದು ಸುತ್ತು. ಕುಣಿಕೆಯನ್ನು ಈ ಸುತ್ತಿನ ಸರಿಯಾಗಿ ಮೇಲೆ, ಕೊಂಬೆಗಳ ಕಂಕುಳ ಮೇಲೆ ಕೂರುವಂತೆ ಹಾಕಬೇಕು. ಓರೆಯಾಗಿ ಇಳಿಯುವ ಹಗ್ಗ ಕುಣಿಕೆಯನ್ನು ಸದಾ ಕೆಳಕ್ಕೆ ಎಳೆಯುತ್ತಿರುತ್ತದೆ. ಸುತ್ತಿನ ಕೆಳಗೆ ಕಟ್ಟಿದ ಕುಣಿಕೆ ನುಣುಪಾದ ಕಾಂಡದ ಮೇಲೆ ಜಾರುತ್ತ ಮುಂದಿನ ಸುತ್ತಿನವರೆಗೂ ಇಳಿದು, ಬೆಳಗಾಗುವಷ್ಟರಲ್ಲಿ ಎಲ್ಲ ಹಗ್ಗಗಳೂ ಸಡಿಲವಾಗಿರುತ್ತವೆ. ಎಳೆದಂತೆಲ್ಲ ಬಿಗಿಯುವ ಜೀರುಗುಣಿಕೆ ಇಲ್ಲಿ ಬೇಡ, ಅಳತೆ ಬದಲಾಗದ ಕುಣಿಕೆಯೇ ಬೇಕು. ತಂತಿಯನ್ನಾಗಲಿ ಸಣ್ಣ ಹಗ್ಗವನ್ನಾಗಲಿ ನೇರವಾಗಿ ತೊಗಟೆಗೆ ಸುತ್ತಿದರೆ ಅದು ಕೊರೆದು ಒಳಗಿಳಿಯುತ್ತದೆ. ಅಗಲವಾದ ನೇಯ್ಗೆಯ ಪಟ್ಟಿ, ಹಳೆಯ ಸೈಕಲ್ ಟ್ಯೂಬು, ಅಥವಾ ತೋಟಕ್ಕೆ ನೀರು ಹಾಯಿಸುವ ರಬ್ಬರ್ ಪೈಪಿನ ತುಂಡಿನೊಳಗೆ ತೂರಿಸಿದ ಹಗ್ಗ ಇದಕ್ಕೆ ಸರಿಹೋಗುತ್ತದೆ.

ಹಗ್ಗದ ಓರೆ ಎಷ್ಟಿರಬೇಕು ಎಂಬುದು ಸಣ್ಣ ವಿಷಯದಂತೆ ಕಂಡರೂ ಲೆಕ್ಕವನ್ನು ಬಹಳ ಬದಲಿಸುತ್ತದೆ. ನಮ್ಮ 3 ಮೀಟರಿನ ಮರಕ್ಕೆ 2 ಮೀಟರ್ ಎತ್ತರದಲ್ಲಿ ಮೂರು ಹಗ್ಗಗಳನ್ನು ಕಟ್ಟಿ, ನೆಲದಲ್ಲಿ ಬುಡದಿಂದ 2 ಮೀಟರ್ ದೂರಕ್ಕೆ ಎಳೆದರೆ ಓರೆ 45 ಡಿಗ್ರಿ. 72 ಕಿ.ಮೀ. ಗಾಳಿಗೆ ಒಂದು ಹಗ್ಗದ ಮೇಲೆ ಅಡ್ಡಲಾಗಿ ಹೆಚ್ಚೆಂದರೆ 23 ಕೆ.ಜಿ. ಬಿದ್ದರೆ, ಹಗ್ಗದ ಉದ್ದಕ್ಕೂ ಎಳೆತ ಸುಮಾರು 33 ಕೆ.ಜಿ. ಆಗುತ್ತದೆ. ಜಾಗ ಸಾಲದೆಂದು ಅದೇ ಹಗ್ಗವನ್ನು ಬುಡದ ಹತ್ತಿರ, ಸುಮಾರು 1.15 ಮೀಟರ್ ದೂರದಲ್ಲೇ ಕಟ್ಟಿದರೆ ಓರೆ 60 ಡಿಗ್ರಿಗೆ ಏರಿ ಎಳೆತ 46 ಕೆ.ಜಿ.ಗೆ ಹೋಗುತ್ತದೆ, ಅದರ ಬಹುಪಾಲು ಗೂಟವನ್ನು ನೆಲದಿಂದ ಮೇಲಕ್ಕೆ ಕೀಳುವ ದಿಕ್ಕಿನಲ್ಲೇ ಇರುತ್ತದೆ.

ಕಲ್ಲು ಹಾಸಿದ ಅಂಗಳದಲ್ಲಿ, ಗೂಟ ಬಡಿಯಲಾಗದೆ ಕಾಂಕ್ರೀಟ್ ಗಟ್ಟಿಗೆ ಹಗ್ಗ ಕಟ್ಟುವವರು ಇದನ್ನು ವಿಶೇಷವಾಗಿ ಗಮನಿಸಬೇಕು. 33 ಕೆ.ಜಿ. ಎಳೆತಕ್ಕೆ 35 ಕೆ.ಜಿ.ಯ ಗಟ್ಟಿ ಸಾಕಲ್ಲವೇ ಎನಿಸಬಹುದು. ಸಾಲದು. 45 ಡಿಗ್ರಿಯ ಹಗ್ಗ ಗಟ್ಟಿಯನ್ನು 23 ಕೆ.ಜಿ. ಬಲದಿಂದ ಮೇಲಕ್ಕೆತ್ತುತ್ತಲೇ ಇನ್ನೊಂದು 23 ಕೆ.ಜಿ. ಬಲದಿಂದ ಪಕ್ಕಕ್ಕೆಳೆಯುತ್ತದೆ. ನೆಲದೊಡನೆ ಘರ್ಷಣೆ ಉಂಟಾಗುವುದು ಎತ್ತಿದ್ದು ಕಳೆದು ಉಳಿದ ತೂಕದಿಂದ ಮಾತ್ರ, ಅದೂ ಸುಮಾರು ಅರ್ಧದಷ್ಟು. ಹೀಗಾಗಿ ಗಟ್ಟಿ ಜಾರದಿರಬೇಕಾದರೆ ಮೊದಲ 23ರ ಜೊತೆಗೆ ಇನ್ನೂ 46, ಒಟ್ಟು ಸುಮಾರು 70 ಕೆ.ಜಿ. ಬೇಕು. ಹಗ್ಗವನ್ನು 3.5 ಮೀಟರ್ ದೂರಕ್ಕೆ ಎಳೆದು ಓರೆಯನ್ನು 30 ಡಿಗ್ರಿಗೆ ಇಳಿಸಿದರೆ 60 ಕೆ.ಜಿ. ಸಾಕು, 60 ಡಿಗ್ರಿಗೆ ಏರಿಸಿದರೆ 86 ಬೇಕು. ಒದ್ದೆಯಾದ ನುಣುಪು ಕಲ್ಲಿನ ಮೇಲೆ, ಹಿಮ ಕಟ್ಟಿದ ನೆಲದ ಮೇಲೆ ಈ ಲೆಕ್ಕವೂ ಸಾಲದು. ಗಟ್ಟಿಯ ಅಡಿಗೆ ಒರಟು ರಬ್ಬರ್ ಹಾಳೆ ಹಾಸುವುದು ಒಳ್ಳೆಯದು. ನೀರು ತುಂಬಿದ ಕ್ಯಾನುಗಳನ್ನು ಭಾರಕ್ಕೆ ಬಳಸಿದರೆ ಒಂದು ಲೀಟರಿಗೆ ಒಂದೇ ಕೆ.ಜಿ. ಸಿಗುತ್ತದೆ, ಅದೇ ಗಾತ್ರದ ಕಾಂಕ್ರೀಟಿನಲ್ಲಿ 2.4 ಕೆ.ಜಿ.ಯಷ್ಟು ಸಿಗುತ್ತದೆ. ನೀರು ಹೆಪ್ಪುಗಟ್ಟುವಾಗ ಸುಮಾರು ಶೇ. 9ರಷ್ಟು ಹಿಗ್ಗುವುದರಿಂದ ಚಳಿ ಪ್ರದೇಶದಲ್ಲಿ ಕ್ಯಾನನ್ನು ಕಂಠದವರೆಗೆ ತುಂಬಬಾರದು.

ಮಣ್ಣಿನಲ್ಲಿ ಬಡಿಯುವ ಗೂಟದ ವಿಷಯ ಸರಳ. ಅರ್ಧ ಮೀಟರಿಗಿಂತ ಕಡಿಮೆಯದನ್ನು ಇಂಥ ಮರಕ್ಕೆ ನೆಚ್ಚಬಾರದು. ಗೂಟದ ತಲೆ ಮರದಿಂದ ಆಚೆಗೆ ಬಾಗಿರಬೇಕು, ಹಗ್ಗ ಮತ್ತು ಗೂಟಗಳ ನಡುವೆ ಲಂಬಕೋನ ಇರಬೇಕು, ಹಗ್ಗವನ್ನು ಗೂಟದ ತಲೆಗಲ್ಲ, ನೆಲಕ್ಕೆ ತಾಗಿದ ಮಟ್ಟದಲ್ಲಿ ಕಟ್ಟಬೇಕು. ತಲೆಗೆ ಕಟ್ಟಿದರೆ ಗೂಟವೇ ಸನ್ನೆಗೋಲಾಗಿ ತನ್ನನ್ನು ತಾನೇ ಕಿತ್ತುಕೊಳ್ಳುತ್ತದೆ. ಮಣ್ಣು ಮೆದುವಾಗಿದ್ದರೆ ಮೊದಲ ಗೂಟದ ಹಿಂದೆ, ಅದೇ ನೇರದಲ್ಲಿ ಎರಡನೆಯದನ್ನು ಬಡಿದು, ಮೊದಲನೆಯದರ ತಲೆಯಿಂದ ಎರಡನೆಯದರ ಬುಡಕ್ಕೆ ಹಗ್ಗ ಬಿಗಿಯಬಹುದು. ಹೆಪ್ಪುಗಟ್ಟಿದ ನೆಲದಲ್ಲಿ ಕಲ್ಲಿನಂತೆ ನಿಂತ ಗೂಟ ಹಿಮ ಕರಗಿದ ದಿನ ಬೆರಳಿಗೆ ಅಲುಗಾಡುತ್ತದೆ, ಸತತ ಮಳೆಯ ನಂತರವೂ ಅಷ್ಟೇ. ಮರದ ಹಲಗೆ ಹಾಸಿದ ಕಟ್ಟೆಯ ಮೇಲಾದರೆ ಕೊಂಡಿಯ ತಿರುಪನ್ನು ಹಲಗೆಗಲ್ಲ, ಅದರ ಕೆಳಗಿನ ತೊಲೆಗೆ ಇಳಿಸಬೇಕು. ಮಳೆನೀರಿನ ಕೊಳವೆ, ತೂಗಾಡುವ ಗೇಟು, ಹಗುರವಾದ ಕಟಕಟೆ ಇವು ಯಾವುವೂ ಹಗ್ಗ ಕಟ್ಟುವ ಜಾಗಗಳಲ್ಲ.

ಹಗ್ಗಗಳನ್ನು ಕಟ್ಟಿದರೂ ಬುಡವನ್ನು ಮರೆಯುವಂತಿಲ್ಲ. ಗಾಳಿಯ 40 ಕೆ.ಜಿ.ಯಲ್ಲಿ ಹಗ್ಗ 20ನ್ನು ಹಿಡಿದರೆ ಉಳಿದ 20 ಬುಡವನ್ನು ಪಕ್ಕಕ್ಕೆ ಜಾರಿಸಲು ನೋಡುತ್ತದೆ. ಮರದ ತೂಕದ ಜೊತೆಗೆ ಹಗ್ಗದ ಕೆಳಮುಖ ಎಳೆತವೂ ಸೇರಿ ಘರ್ಷಣೆ ಇದನ್ನು ಹಾಗೂ ಹೀಗೂ ತಡೆಯಬಹುದು. ನೆಲ ಒದ್ದೆಯಾದರೆ ಅದೂ ಇಲ್ಲ. ಮೇಲೆ ಎಲ್ಲ ಬಿಗಿಯಾಗಿದ್ದು ಬುಡ ಮಾತ್ರ ಜಾರಿ ಮರ ಮಲಗಿದ್ದನ್ನು ಕಂಡವರು ಹಗ್ಗವನ್ನು ದೂರುತ್ತಾರೆ. ಇಟ್ಟಿಗೆ, ಮರಳಿನ ಚೀಲಗಳು ನಿಜವಾಗಿ ಉಪಯೋಗಕ್ಕೆ ಬರುವುದು ಇಲ್ಲಿ, ಬುಡವನ್ನು ಜಾರದಂತೆ ಹಿಡಿಯುವ ಕೆಲಸಕ್ಕೆ.

ಹಗ್ಗದ ಆಯ್ಕೆಯಲ್ಲಿ ಬಲಕ್ಕಿಂತ ಹಿಗ್ಗುವ ಗುಣ ಮುಖ್ಯ. ನೈಲಾನ್ ಬಲವಾದದ್ದೇ, ಆದರೆ ರಬ್ಬರಿನ ನೆಂಟ. ಮಳೆಯಲ್ಲಿ ನೆನೆದು ಇನ್ನಷ್ಟು ಸಡಿಲವಾಗುತ್ತದೆ. ಪಾಲಿಯೆಸ್ಟರ್ ಕಡಿಮೆ ಹಿಗ್ಗುತ್ತದೆ, ಬಿಸಿಲಿಗೂ ತಾಳುತ್ತದೆ. 6 ಮಿ.ಮೀ. ದಪ್ಪದ ಒಳ್ಳೆಯ ಪಾಲಿಯೆಸ್ಟರ್ ಹಗ್ಗ ಹಲವು ನೂರು ಕೆ.ಜಿ. ಎಳೆತಕ್ಕೆ ಜಗ್ಗುವುದಿಲ್ಲ, ಗಂಟು ಹಾಕಿದಲ್ಲಿ ಬಲ ಗಣನೀಯವಾಗಿ ಇಳಿಯುತ್ತದೆ ಎಂದು ಹಿಡಿದರೂ ನಮ್ಮ ಲೆಕ್ಕಕ್ಕೆ ಧಾರಾಳ. ಇಷ್ಟು ಅಂತರ ಇಟ್ಟುಕೊಳ್ಳಲು ಕಾರಣವಿದೆ: ಹಗ್ಗ ಸಡಿಲವಾಗಿದ್ದರೆ ಮರ ಆ ಸಡಿಲದಷ್ಟು ದೂರ ವೇಗವಾಗಿ ಬಾಗಿ, ಹಗ್ಗ ಬಿಗಿಯಾದ ಕ್ಷಣದಲ್ಲಿ ಜೋರಾಗಿ ಜಗ್ಗುತ್ತದೆ. ಆ ಜಗ್ಗಿನ ಬಲ ಸಮನಾದ ಗಾಳಿಯ ಬಲದ ಎರಡು ಪಟ್ಟನ್ನೂ ಮುಟ್ಟಬಹುದು. ಬಹಳಷ್ಟು ಗೂಟಗಳು ಕಿತ್ತು ಬರುವುದು ಇಂಥ ಜಗ್ಗಿಗೇ. ಹಾಗೆಂದು ತಂಬೂರಿಯ ತಂತಿಯಂತೆ ಬಿಗಿಯಬೇಕಾಗಿಲ್ಲ; ಹಗ್ಗ ಜೋತು ಬೀಳದೆ ನೇರವಾಗಿದ್ದು, ಮರ ಯಾವ ಕಡೆಗೂ ವಾಲದಿದ್ದರೆ ಸಾಕು. ಉಕ್ಕಿನ ತಂತಿಯಾದರೆ ಟರ್ನ್‌ಬಕಲ್, ಅಂದರೆ ತಿರುಗಿಸಿದಂತೆ ತಂತಿಯನ್ನು ಬಿಗಿಯುವ ತಿರುಪಿನ ಕೊಂಡಿ ಹಾಕಿ ಹದವಾಗಿ ಬಿಗಿಯಬಹುದು. ತಂತಿಯ ತುದಿಯನ್ನು ಮಡಚಿ ಕ್ಲಿಪ್ ಹಾಕುವಾಗ ಯು ಆಕಾರದ ಬೋಲ್ಟು ಮಡಚಿದ ಗಿಡ್ಡ ತುದಿಯ ಮೇಲೂ, ಅಗಲವಾದ ತಡಿ ಎಳೆತ ಹೊರುವ ಉದ್ದ ತಂತಿಯ ಮೇಲೂ ಕೂರಬೇಕು. ತಿರುವುಮುರುವಾದರೆ ಬೋಲ್ಟು ಭಾರ ಹೊರುವ ತಂತಿಯನ್ನೇ ಜಜ್ಜಿ ದುರ್ಬಲಗೊಳಿಸುತ್ತದೆ. ಕತ್ತಲಲ್ಲಿ ಯಾರೂ ಎಡವದಂತೆ ಹಗ್ಗಗಳಿಗೆ ಮೊಣಕಾಲಿನ ಮಟ್ಟದಲ್ಲಿ ಬಿಳಿ ಬಟ್ಟೆಯ ಪಟ್ಟಿ ಕಟ್ಟಬೇಕು.

ದೀಪದ ತಂತಿಯನ್ನು ಹಗ್ಗದ ಬದಲಿಗೆ ಬಳಸಬಾರದೆಂದು ಹೇಳಬೇಕಾಗಿಲ್ಲ, ಆದರೆ ಅದು ತಾನಾಗಿಯೇ ಹಗ್ಗವಾಗಿಬಿಡುವುದುಂಟು. ಮರದಿಂದ ಗೋಡೆಯ ಸಾಕೆಟ್ಟಿಗೆ ಬಿಗಿಯಾಗಿ ಎಳೆದ ತಂತಿ ಮರ ತೂಗಿದಾಗಲೆಲ್ಲ ಎಳೆತ ಹೊರುತ್ತದೆ. ತಂತಿಯನ್ನು ಕಾಂಡದ ಉದ್ದಕ್ಕೂ ಇಳಿಸಿ, ಬುಡದಲ್ಲಿ ಒಂದು ಸುತ್ತು ಸಡಿಲ ಬಿಟ್ಟು, ನಂತರ ನೆಲದ ಮೇಲೆ ಹಾಯಿಸಬೇಕು. ಹೊರಾಂಗಣದ ದೀಪಗಳು ನೀರಿನ ಎರಚಲು ತಾಳುವ ಐಪಿ 44 ದರ್ಜೆಯವಾಗಿರಬೇಕು, ಅವುಗಳ ಸರ್ಕ್ಯೂಟಿಗೆ ಸೋರುವ ವಿದ್ಯುತ್ತನ್ನು ಗುರುತಿಸಿ ಕಡಿಯುವ 30 ಮಿಲಿಆಂಪಿಯರ್ ಸ್ವಿಚ್ಚಿರಬೇಕು. ಅಲಂಕಾರದಲ್ಲಿ ಗಾಜು ಬೇಡ. ಅಗಲವಾದ ಬೋರ್ಡು, ದೊಡ್ಡ ರಿಬ್ಬನ್ ಗೊಂಚಲು ತುದಿಯಲ್ಲಿ ಕಟ್ಟುವುದೂ ಬೇಡ. ಒಂದಡಿ ಅಗಲದ ಹಲಗೆಯೊಂದು 3 ಮೀಟರ್ ಎತ್ತರದಲ್ಲಿ ಹಿಡಿಯುವ ಗಾಳಿ ಬುಡದ ಹತ್ತಿರ ಅದರ ಹಲವು ಪಟ್ಟು ದೊಡ್ಡ ಹಲಗೆ ಹಿಡಿಯುವ ಗಾಳಿಗೆ ಸಮ.

ಮರ ನಿಲ್ಲಿಸಿದ ಮೇಲೂ ಬದಲಾಗುತ್ತಿರುತ್ತದೆ. ಹಸಿ ಮರದ ತೂಕದಲ್ಲಿ ಅರ್ಧದಷ್ಟು ನೀರೇ ಇರುತ್ತದೆ. ಒಣಗುತ್ತ ಹೋದಂತೆ ಮರ ಹಗುರವಾಗುತ್ತದೆ, ಕಾಂಡ ಕುಗ್ಗಿ ತಿರುಪು ಮತ್ತು ಬೆಣೆಗಳು ಸಡಿಲವಾಗುತ್ತವೆ, ಕೊಂಬೆಗಳು ಬಾಗುವ ಗುಣ ಕಳೆದುಕೊಂಡು ಬಿರುಸಾಗಿ ಗಾಳಿಗೆ ಎದುರು ನಿಲ್ಲುತ್ತವೆ. ಅಂದರೆ ಮೊದಲ ವಾರ ತಡೆದುಕೊಂಡ ಅದೇ ಗಾಳಿಯನ್ನು ಮೂರನೆಯ ವಾರ ತಡೆಯದೆ ಹೋಗಬಹುದು. ಕಡಿದ ತುದಿಯಲ್ಲಿ ಕೆಲವೇ ಗಂಟೆಗಳಲ್ಲಿ ಅಂಟು ಕಟ್ಟಿ ನೀರು ಹೀರುವುದು ನಿಲ್ಲುವುದರಿಂದ, ನೀರಿನ ಸ್ಟ್ಯಾಂಡಿನಲ್ಲಿ ನಿಲ್ಲಿಸುವ ಮುನ್ನ ತಳದಿಂದ ಎರಡು ಮೂರು ಸೆಂ.ಮೀ. ದಪ್ಪದ ಬಿಲ್ಲೆ ಕೊಯ್ದು ತೆಗೆದರೆ ಒಣಗುವುದು ನಿಧಾನವಾಗುತ್ತದೆ. ನಿಲ್ಲಿಸಿದ ಮಾರನೆಯ ದಿನ, ಆಮೇಲೆ ಪ್ರತಿ ಮಳೆ ಗಾಳಿಯ ನಂತರ ಬೆಣೆ, ಕುಣಿಕೆ, ಗೂಟ ಈ ಮೂರನ್ನೂ ಕೈಯಿಂದ ಮುಟ್ಟಿ ನೋಡಬೇಕು. ದೂರದಿಂದ ನೋಡಿದರೆ ಸಡಿಲವಾದ ಬೆಣೆ ಕಾಣುವುದಿಲ್ಲ.

ಭಾರೀ ಗಾಳಿಯ ಮುನ್ಸೂಚನೆ ಬಂದಾಗ ಇನ್ನೊಂದು ಹಗ್ಗ ಸೇರಿಸುವುದಕ್ಕಿಂತ ಮರವನ್ನು ನಾವೇ ಮಲಗಿಸುವುದು ಜಾಣತನ. ನೆಲಕ್ಕೆ ಮಲಗಿ, ಎರಡು ಕಡೆ ಗೂಟಕ್ಕೆ ಕಟ್ಟಿದ ಮರಕ್ಕೆ ಗಾಳಿ ಹೆಚ್ಚೇನೂ ಮಾಡಲಾರದು. ಈ ಕೆಲಸಕ್ಕೆ ಇಬ್ಬರು ಬೇಕು, ಗಾಳಿ ಏಳುವ ಮೊದಲೇ ಮಾಡಿ ಮುಗಿಸಬೇಕು. ಮೊದಲು ದೀಪದ ಪ್ಲಗ್ಗು ತೆಗೆದು, ಒಬ್ಬರು ಕಾಂಡವನ್ನು ಹಿಡಿದುಕೊಂಡಿರುವಾಗ ಮರವನ್ನು ಮಲಗಿಸಬೇಕಾದ ದಿಕ್ಕಿಗೆ ಎದುರಾಗಿರುವ ಹಗ್ಗವೊಂದನ್ನು ಬಿಟ್ಟು ಉಳಿದವನ್ನು ಬಿಚ್ಚಬೇಕು. ಆಮೇಲೆ ಬುಡದ ತಿರುಪನ್ನೋ ಬೆಣೆಯನ್ನೋ ಸಡಿಲಿಸಿ, ಕೊನೆಯ ಹಗ್ಗವನ್ನು ಗೂಟಕ್ಕೆ ಒಂದು ಸುತ್ತು ಹಾಕಿಕೊಂಡು ಸ್ವಲ್ಪ ಸ್ವಲ್ಪವಾಗಿ ಬಿಡುತ್ತ ಬಂದರೆ, ಕೊಂಬೆ ಮುರಿಯದೆ ಮರ ನಿಧಾನವಾಗಿ ನೆಲಕ್ಕೆ ಇಳಿಯುತ್ತದೆ. ಹಬ್ಬ ಮುಗಿದ ಮೇಲೆ ಮರವನ್ನು ಇಳಿಸುವ ಕ್ರಮವೂ ಇದೇ.